ಒಂದೇ ಗದ್ದೆಗೆ ಹತ್ತು ಕೈ

ಮೆಲ್ಕಾರ್ ಕಡೆಯ ಒಂದು ಗದ್ದೆಯಲ್ಲಿ ನೇಜಿ ನೆಡಲು ಹತ್ತು ಮಂದಿ ಇಳಿದರೆಂದು ಭಾವಿಸೋಣ. ಪ್ರತಿಯೊಬ್ಬರೂ ತಾವೊಬ್ಬರೇ ಬಂದಿರುವೆವೆಂದು ಬಗೆದು ಒಂದೇ ಮೂಲೆಯಲ್ಲಿ ನೆಡತೊಡಗಿದರೆ ಫಲವೇನು? ಸೂಪರ್ ಕಂಪ್ಯೂಟರಿನಲ್ಲಿಯೂ ಇಂತಹ ಪ್ರಮಾದ ಸಂಭವಿಸುವುದುಂಟು.

ಸೂಪರ್ ಕಂಪ್ಯೂಟರೆಂಬುದು ವೇಗದ ಜಾಲದಿಂದ ಬೆಸೆದ ಅನೇಕ ಗಣಕಗಳ ಸಮೂಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯವು ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಇಂತಹ ಯಂತ್ರಗಳಲ್ಲಿ ಕೆಲಸವನ್ನು ಹಂಚಿಕೊಂಡವು ಪರಸ್ಪರ ಸಂದೇಶ ಕಳುಹಿಸಲು 1994ರಲ್ಲಿ ಪ್ರಕಟವಾದ ಎಂಪಿಐ ಎಂಬ ನಿಯಮಾವಳಿ ಉಂಟು. ಪೈಥಾನ್ ಭಾಷೆಗೆ ಆ ಸೌಕರ್ಯವನ್ನು ಒದಗಿಸುವುದು ‘ಎಂಪಿಐ ಫಾರ್ ಪೈಥಾನ್’ ಎಂಬ ಪ್ಯಾಕೇಜು.

ಇದನ್ನು ಸ್ಥಾಪಿಸುವ ಕ್ರಮವನ್ನು ನೋಡೋಣ. ಯಂತ್ರವು ಹಲವರ ಬಳಕೆಗೆ ಮೀಸಲಾದುದರಿಂದ ಅದರ ಮೂಲ ವ್ಯವಸ್ಥೆಯನ್ನು ನಾವು ಮುಟ್ಟುವಂತಿಲ್ಲ. ಮೊದಲು ಆ ಯಂತ್ರದಲ್ಲಿಯೇ ಇರುವ ಎಂಪಿಐಯನ್ನು ಆರಿಸಿಕೊಳ್ಳಬೇಕು. ಬಳಿಕ ನಮ್ಮ ಕಡತಕೋಶದೊಳಗೆ ಪೈಥಾನಿಗೆ ಪ್ರತ್ಯೇಕ ಆವರಣವೊಂದನ್ನು ರಚಿಸಿ, ‘ಪಿಪ್’ ಎಂಬ ಸಾಧನದಿಂದ ಪ್ಯಾಕೇಜನ್ನು ಆ ಎಂಪಿಐಗೆ ಹೊಂದುವಂತೆ ಅಲ್ಲಿಯೇ ಕಟ್ಟಿಸಬೇಕು.

ಬೇರೊಂದು ಎಂಪಿಐಗಾಗಿ ಕಟ್ಟಿದುದನ್ನು ತಂದರೆ ಕೆಲವೊಮ್ಮೆ ಯಾವ ದೋಷಸೂಚನೆಯೂ ಬಾರದು. ಆದರೆ ಪ್ರತಿಯೊಂದು ಪ್ರಕ್ರಿಯೆಯೂ ತಾನೊಂದೇ ಎಂದು ತಿಳಿದು ಇಡೀ ಲೆಕ್ಕವನ್ನು ಮಾಡುತ್ತದೆ. ಆದುದರಿಂದ ಮೊದಲು ನಾಲ್ಕು ಪ್ರಕ್ರಿಯೆಗಳನ್ನು ಓಡಿಸಿ ಅವುಗಳ ಕ್ರಮಸಂಖ್ಯೆಯನ್ನು ಕೇಳಬೇಕು. 0, 1, 2, 3 ಎಂಬ ಉತ್ತರ ಬಂದರೆ ಅವು ಒಂದುಗೂಡಿವೆ. ನಾಲ್ಕೂ 0 ಎಂದರೆ ಸ್ಥಾಪನೆ ಸರಿಯಾಗಿಲ್ಲ. ನಿಮಿಷದ ಈ ಪರೀಕ್ಷೆಯು ದಿನಗಟ್ಟಲೆಯ ಯಂತ್ರಶ್ರಮವನ್ನು ಉಳಿಸೀತು.