ಕೂಸನ್ನು ಒಪ್ಪಿಸುವ ಮುನ್ನ

ಬೆಂಗಳೂರಿನಿಂದ ಹೊರಟ ರೈಲುಹಳಿ ತುಮಕೂರಿನ ಕಡೆಗೊಂದು, ಹಾಸನದ ಕಡೆಗೊಂದು ಎಂದು ಕವಲೊಡೆಯುವ ಊರು ಚಿಕ್ಕಬಾಣಾವರ. ಮುಂಜಾನೆಯ ಹೊತ್ತಿನಲ್ಲಿ ಆ ನಿಲ್ದಾಣದ ಬಳಿಯಾಗಲಿ, ಹೆಸರಘಟ್ಟ ರಸ್ತೆಯ ಬಸ್ ತಂಗುದಾಣಗಳಲ್ಲಾಗಲಿ ಅರ್ಧ ಗಂಟೆ ನಿಂತವರಿಗೆ ಒಂದು ದೃಶ್ಯ ಕಣ್ಣಿಗೆ ಬೀಳದಿರದು. ಒಂದು ಕೈಯಲ್ಲಿ ಊಟದ ಡಬ್ಬಿಯ ಚೀಲ, ಕಂಕುಳಲ್ಲಿ ನಿದ್ದೆಗಣ್ಣಿನ ಕೂಸು. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಗೋ, ಆಸ್ಪತ್ರೆಗೋ, ಕಾಲೇಜಿನ ಕಚೇರಿಗೋ ಹೋಗಬೇಕಾದ ತಾಯಿ ಯಾವುದೋ ಒಂದು ಮನೆಯ ಬಾಗಿಲು ತಟ್ಟಿ, ಕೂಸನ್ನು ಒಪ್ಪಿಸಿ, ಅದರ ಅಳು ಕಿವಿಗೆ ಬೀಳದಷ್ಟು ದೂರಕ್ಕೆ ಬಿರಬಿರನೆ ನಡೆದುಬಿಡುತ್ತಾಳೆ.

ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಸಾರಿದ ಪರಂಪರೆಯಲ್ಲಿ ಬೆಳೆದ ನಾವು ಆ ತಾಯಿಯನ್ನು ದೂಷಿಸಲಾರೆವು. ಅಜ್ಜಿ, ಅತ್ತೆ, ದೊಡ್ಡಮ್ಮ ಎಂದು ನಾಲ್ಕು ಮಡಿಲುಗಳಿದ್ದ ಅವಿಭಕ್ತ ಕುಟುಂಬ ಇಂದು ಎರಡು ಕೋಣೆಗಳ ಬಾಡಿಗೆ ಮನೆಯಾಗಿದೆ. ಆ ನಾಲ್ಕು ಮಡಿಲುಗಳ ಜಾಗಕ್ಕೆ ಬಂದಿರುವುದು ಶಿಶುಪಾಲನಾ ಕೇಂದ್ರ. ಅದು ಬಂದಿರುವುದು ತಪ್ಪಲ್ಲ. ಆದರೆ ಆ ಮನೆಯನ್ನು ಯಾರು ನೋಡುತ್ತಾರೆ, ಏನನ್ನು ನೋಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳದಿರುವುದು ಮಾತ್ರ ತಪ್ಪೇ ಸರಿ.

ಅಜ್ಜಿ ಕೇಳಿದ ಪ್ರಶ್ನೆ

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಕುಟುಂಬವೊಂದರ ಸೊಸೆ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಬೇಕಾಗಿತ್ತು. ಕೂಸನ್ನು ಬಿಡಲು ಸ್ಥಳ ನೋಡಲು ಹೊರಟಾಗ ನಮ್ಮನ್ನೂ ಜೊತೆಗೆ ಕರೆದರು. ಮನೆಯೊಂದರ ಮೊದಲನೆಯ ಅಂತಸ್ತಿನಲ್ಲಿದ್ದ ಕೇಂದ್ರವದು. ಗೋಡೆಯ ತುಂಬ ಆನೆ, ನವಿಲು, ಮಾವಿನ ಹಣ್ಣಿನ ಬಣ್ಣದ ಚಿತ್ರಗಳು. ಕೂಸಿನ ತಂದೆ ತಿಂಗಳ ಶುಲ್ಕ ಕೇಳಿದರು, ಸಂಜೆ ಎಷ್ಟು ಗಂಟೆಯವರೆಗೆ ಇರಿಸಿಕೊಳ್ಳುವಿರೆಂದು ಕೇಳಿದರು. ತಾಯಿ ಹಾಲಿನ ವೇಳೆ ಕೇಳಿದಳು. ಅದುವರೆಗೂ ಮೌನವಾಗಿದ್ದ ಅಜ್ಜಿ ಸೆರಗು ಸರಿಪಡಿಸಿಕೊಂಡು ಕೇಳಿದ್ದು ಒಂದೇ ಮಾತು: “ಸಂಪು ಎಲ್ಲೈತಮ್ಮಾ?”

ಸಂಪು ಕೆಳಗೆ, ಮೆಟ್ಟಿಲಿನ ಬುಡದಲ್ಲೇ ಇತ್ತು. ಅದರ ಬಾಯಿಗೆ ಮುಚ್ಚಿದ್ದು ಒಂದು ಹಳೆಯ ಪ್ಲೈವುಡ್ ಹಲಗೆ. ಅಜ್ಜಿ ಕಾಲಿನಿಂದ ಮೆಲ್ಲನೆ ನೂಕಿದರು, ಹಲಗೆ ಸರಿಯಿತು, ಒಳಗೆ ನೀರು ಕಾಣಿಸಿತು. ಕೇಂದ್ರ ನಡೆಸುತ್ತಿದ್ದ ಹೆಣ್ಣುಮಗಳ ಮುಖ ಕೆಂಪಾಯಿತು. “ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಜ್ಜಿ. ಮನೆ ಓನರಿಗೆ ಹೇಳಿದೀನಿ, ಮಾಡಿಸ್ತೀನಿ ಅಂತಾರೆ” ಎಂದರು.

ಆಕೆ ಕೆಟ್ಟವರಲ್ಲ. ಮಕ್ಕಳು ಆಕೆಯನ್ನು ಕಂಡೊಡನೆ ಓಡಿ ಬಂದು ಕಾಲು ಹಿಡಿಯುತ್ತಿದ್ದುದನ್ನು ನಾವೇ ಕಂಡೆವು. ಆದರೆ ಪ್ರೀತಿಯೊಂದೇ ಸಂಪಿನ ಬಾಯಿ ಮುಚ್ಚಲಾರದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯಂತೆ, ಅಪಾಯವನ್ನು ನಾವು ಬೀದಿಯಲ್ಲಿ ಹುಡುಕುತ್ತೇವೆ. ಅದು ಮೆಟ್ಟಿಲ ಬುಡದಲ್ಲೇ ಕುಳಿತಿರುತ್ತದೆ. “ಯಾರೂ ಕೇಳಿರಲಿಲ್ಲ” ಎಂಬ ಆ ಮಾತೇ ಈ ಲೇಖನಕ್ಕೆ ಕಾರಣ.

ನೋಡುವವರು ಯಾರು?

ನಮ್ಮ ನಾಡಿನಲ್ಲಿ ಎಳೆಯ ಮಕ್ಕಳ ಕೇಂದ್ರಗಳು ಒಂದೇ ಬಗೆಯವಲ್ಲ. ಮೊದಲನೆಯದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಣ್ಣು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇವುಗಳಿಗೆ ಮೇಲ್ವಿಚಾರಕಿಯರಿದ್ದಾರೆ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಯ ಮಕ್ಕಳನ್ನು ಪರೀಕ್ಷಿಸಬೇಕು.

ಎರಡನೆಯದು ಕೆಲಸದ ಸ್ಥಳಕ್ಕೆ ಸೇರಿದ ಶಿಶುಪಾಲನಾ ಗೃಹ. 1948ರ ಕಾರ್ಖಾನೆ ಕಾಯಿದೆಯೇ ಇದಕ್ಕೆ ದಾರಿ ಮಾಡಿತ್ತು. 1976ರ ತಿದ್ದುಪಡಿಯಿಂದ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಿಗೂ ಅದು ಅನ್ವಯವಾಯಿತು. ಗಾಳಿ ಬೆಳಕಿರುವ ಶುಚಿಯಾದ ಕೋಣೆ, ಮಕ್ಕಳ ಆರೈಕೆಯಲ್ಲಿ ತರಬೇತಿ ಪಡೆದ ಮಹಿಳೆಯ ಉಸ್ತುವಾರಿ, ಇವು ಅಲ್ಲಿಯೇ ಹೇಳಿದ್ದ ಷರತ್ತುಗಳು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆಯು ರಜೆಯನ್ನು 26 ವಾರಗಳಿಗೆ ಏರಿಸಿದ್ದಲ್ಲದೆ, 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಗೃಹದ ಸೌಲಭ್ಯ ಒದಗಿಸಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿ ಬರಲು ಅವಕಾಶವಿರಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ಹಳ್ಳಿಗಳ ಕೂಲಿಕಾರ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದನ್ನು ರಾಜ್ಯದ 2023-24ರ ಮುಂಗಡ ಪತ್ರದಲ್ಲಿ ಘೋಷಿಸಲಾಯಿತು.

ಮೂರನೆಯದೇ ನಾವು ನೋಡಿದಂಥದ್ದು, ಮನೆಯಲ್ಲಿ ನಡೆಯುವ ಖಾಸಗಿ ಕೇಂದ್ರ. ಇಂಥ ಎಲ್ಲ ಕೇಂದ್ರಗಳನ್ನೂ ಕಡ್ಡಾಯ ಪರವಾನಗಿಯ ಅಡಿಗೆ ತರುವ ಪ್ರತ್ಯೇಕ ಕೇಂದ್ರ ಕಾಯಿದೆ ಇಲ್ಲ. 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಕೆಲಸದ ಸ್ಥಳಗಳ ಶಿಶುಪಾಲನಾ ಗೃಹಗಳಿಗಾಗಿ ಕನಿಷ್ಠ ಮಾರ್ಗಸೂಚಿಗಳನ್ನು ಹೊರಡಿಸಿತು. ಮೂರು ವರ್ಷದೊಳಗಿನ 10 ಮಕ್ಕಳಿಗೆ, ಮೂರು ದಾಟಿದ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಇರಬೇಕೆಂಬುದು ಅವುಗಳಲ್ಲೊಂದು. ಖಾಸಗಿ ಕೇಂದ್ರದವರಿಗೂ ಇದು ಒಳ್ಳೆಯ ಅಳತೆಗೋಲೇ. ಆದರೆ ಅಳೆಯುವ ಕೈ ಬೇಕಲ್ಲ! ಆಹಾರದ ಇಲಾಖೆ ಅಡಿಗೆಯನ್ನು ನೋಡೀತು, ಸ್ಥಳೀಯ ಸಂಸ್ಥೆ ಕಟ್ಟಡವನ್ನು ನೋಡೀತು, ಅಗ್ನಿಶಾಮಕ ಇಲಾಖೆ ಬೆಂಕಿಯ ಮಾತು ನೋಡೀತು. ಒಬ್ಬೊಬ್ಬರು ಒಂದೊಂದು ಕೋಣೆಯನ್ನು ನೋಡಿದರೆ ಮನೆಯನ್ನು ಇಡಿಯಾಗಿ ನೋಡುವವರು ಯಾರು? ಉತ್ತರ ಕಹಿಯಾದರೂ ನಿಜ: ಸದ್ಯಕ್ಕೆ ನಾವೇ.

ಎರಡು ಜುಲೈ 16

ಇದೆಲ್ಲ ಅತಿ ಜಾಗ್ರತೆಯೆಂದು ಯಾರಿಗಾದರೂ ತೋರಿದರೆ ಅವರು ಎರಡು ದಿನಗಳನ್ನು ನೆನೆಯಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬಿಸಿಯೂಟದ ಅಡಿಗೆಮನೆಯಿಂದ ಎದ್ದ ಬೆಂಕಿ ಮೇಲಂತಸ್ತಿನ ತರಗತಿಯ ಗರಿಯ ಚಾವಣಿಗೆ ಹತ್ತಿತು. ಇಳಿಯಲು ಇದ್ದ ಮೆಟ್ಟಿಲು ಕಿರಿದಾಗಿತ್ತು. 94 ಮಕ್ಕಳು ಮತ್ತೆ ಮನೆಗೆ ಬರಲಿಲ್ಲ. ಸರಿಯಾಗಿ ಒಂಬತ್ತು ವರ್ಷಗಳ ಬಳಿಕ, 2013ರ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಕೀಟನಾಶಕ ಬೆರೆತ ಎಣ್ಣೆಯಿಂದ ಮಾಡಿದ ಊಟವುಂಡು 23 ಮಕ್ಕಳು ಅಸುನೀಗಿದರು.

ಒಂದು ಕಡೆ ಬೆಂಕಿ, ಇನ್ನೊಂದು ಕಡೆ ಅನ್ನ. ಎರಡರಲ್ಲೂ ಅಪಾಯ ಆ ದಿನ ಆಕಾಶದಿಂದ ಬಿದ್ದುದಲ್ಲ. ಗರಿಯ ಚಾವಣಿ ವರ್ಷಗಟ್ಟಲೆ ಅಲ್ಲಿಯೇ ಇತ್ತು. ಎಣ್ಣೆಯನ್ನು ಒಲೆಗೆ ಹಾಕುವ ಮುನ್ನ ಮೂಸಿ ನೋಡಲು ಅವಕಾಶವಿತ್ತು. ಕುಂಭಕೋಣದ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು. ಶಾಲೆಗೆ ಸಲ್ಲುವ ಈ ಮಾತು ಓಡಲು ಬಾರದ ಕೂಸುಗಳ ಮನೆಗೆ ಇನ್ನೂ ಹೆಚ್ಚಾಗಿ ಸಲ್ಲಬೇಡವೇ?

ಏನನ್ನು ನೋಡಬೇಕು?

ನೀರು: ಟ್ಯಾಂಕರ್ ನೀರನ್ನು ನೆಚ್ಚಿದ ಬಡಾವಣೆಗಳಲ್ಲಿ ಸಂಪು ಇಲ್ಲದ ಮನೆ ಅಪರೂಪ. ಸಂಪಿಗೆ ಕಬ್ಬಿಣದ ಮುಚ್ಚಳ ಮತ್ತು ಬೀಗ ಇರಲೇಬೇಕು. ಬಚ್ಚಲಲ್ಲಿ ತುಂಬಿಟ್ಟ ಬಕೆಟ್ ಇರಕೂಡದು. ತಲೆಯೇ ಭಾರವಾದ ಎಳೆಗೂಸು ಗೇಣುದ್ದ ನೀರಿಗೆ ಮುಗ್ಗರಿಸಿದರೂ ಮೇಲೇಳಲಾರದು.

ಬೆಂಕಿ: ಅಡಿಗೆಯ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ, ಮಕ್ಕಳು ಆಡುವ ಎತ್ತರದಲ್ಲೇ ಹರಡುತ್ತದೆ. ಸಿಲಿಂಡರ್ ಗಾಳಿಯಾಡುವಲ್ಲಿ, ನೆಟ್ಟಗೆ ನಿಂತಿರಬೇಕು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಮಕ್ಕಳು ಓಡಿಹೋಗದಿರಲೆಂದು ಗೇಟಿಗೆ ಬೀಗ ಹಾಕುವುದು ರೂಢಿ. ಆದರೆ ಬೀಗದ ಕೈ ಎಲ್ಲಿದೆಯೆಂದು ಆಯಾಗೂ ತಿಳಿದಿರಬೇಕು, ಕತ್ತಲಲ್ಲೂ ಕೈಗೆ ಸಿಗಬೇಕು. ನಡೆಯಲಾರದ ಕೂಸುಗಳು ಕೆಳ ಅಂತಸ್ತಿನಲ್ಲಿರುವುದು ಲೇಸು.

ಅನ್ನ: ಬಡಿಸುವ ಮುನ್ನ ದೊಡ್ಡವರೊಬ್ಬರು ರುಚಿ ನೋಡುವ ಪದ್ಧತಿ ಇರಲಿ. ದಾಸೋಹದ ಮನೆಗಳನ್ನು ಕಂಡವರಿಗೆ ಅಡಿಗೆಯ ಶುಚಿತ್ವವನ್ನು ಹೇಳಿಕೊಡಬೇಕಿಲ್ಲ. ಫಿನಾಯಿಲು, ಇಲಿ ಪಾಷಾಣಗಳು ಅಡಿಗೆ ಸಾಮಾನಿನ ಬಳಿ ಸುಳಿಯಕೂಡದು. ಕಡಲೆಕಾಯಿ ಬೀಜ, ಹುರಿಗಡಲೆಗಳನ್ನು ತೀರ ಎಳೆಯ ಮಕ್ಕಳಿಗೆ ಇಡಿಯಾಗಿ ಕೊಡಬಾರದು. ಅವು ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುತ್ತವೆ.

ನಿದ್ದೆ ಮತ್ತು ರೋಗ: ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಬೇಕು, ಸುತ್ತ ಮೆತ್ತನೆಯ ದಿಂಬು ಇರಬಾರದು. ಜ್ವರ ಬಂದ, ಮೈಮೇಲೆ ಗುಳ್ಳೆಯೆದ್ದ ಮಗುವನ್ನು ಕೇಂದ್ರದವರು ಬೇಡವೆಂದರೆ ಹೆತ್ತವರು ಕೋಪಿಸಿಕೊಳ್ಳಬಾರದು. ಔಷಧ ಕುಡಿಸಿ, ಜ್ವರವನ್ನು ಮರೆಮಾಚಿ ಬಿಟ್ಟುಹೋಗುವ ತಂದೆತಾಯಿಯರೂ ತಪಾಸಣೆಗೆ ಅರ್ಹರೇ.

ಜನ: ಆರೈಕೆಯವರು ಯಾರು, ಅವರ ಪೂರ್ವಾಪರವನ್ನು ವಿಚಾರಿಸಿದೆಯೇ? ಸಂಜೆ ಕೂಸನ್ನು ಯಾರ ಕೈಗೆ ಕೊಡಬೇಕೆಂದು ಪುಸ್ತಕದಲ್ಲಿ ಬರೆದಿದೆಯೇ? ಹೇಳದೆ ಕೇಳದೆ ಮಧ್ಯಾಹ್ನ ಬಂದರೆ ಒಳಗೆ ಬಿಡುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದವನ್ನು ಕೇಳುವ ಅಗತ್ಯವೇ ಇಲ್ಲ. ಮಗುವಿಗೆ ಹಿಂಸೆಯಾಗುತ್ತಿದೆಯೆಂಬ ಶಂಕೆ ಬಂದಲ್ಲಿ 1098 ಮಕ್ಕಳ ಸಹಾಯವಾಣಿಗೆ ತಿಳಿಸಲು ಹಿಂಜರಿಯಬಾರದು.

ತಪಾಸಣೆ ಹಗೆತನವಲ್ಲ

ತಪಾಸಣೆಯೆಂದರೆ ತಪ್ಪು ಹುಡುಕಿ ಬಾಗಿಲು ಮುಚ್ಚಿಸುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಾಗಿಲು ಮುಚ್ಚಿದರೆ ಆ ಕೂಸುಗಳು ಎಲ್ಲಿಗೆ ಹೋಗಬೇಕು? ನೆರೆಯ ಬಾಂಗ್ಲಾದೇಶದ ಅನುಭವ ಇಲ್ಲಿ ಸ್ಮರಣೀಯ. ಕೆರೆ ಕುಂಟೆಗಳ ಆ ನಾಡಿನ ಹಳ್ಳಿಗಳಲ್ಲಿ ‘ಆಂಚಲ್’, ಎಂದರೆ ಸೆರಗು, ಎಂಬ ಹೆಸರಿನ ಶಿಶುಪಾಲನಾ ಕೇಂದ್ರಗಳನ್ನು ತೆರೆದು, ತಾಯಂದಿರು ಮನೆಗೆಲಸದಲ್ಲಿರುವ ಹೊತ್ತು ಮಕ್ಕಳನ್ನು ಅಲ್ಲಿ ನೋಡಿಕೊಂಡಾಗ, ಅಲ್ಲಿಗೆ ಬರುವ ಮಕ್ಕಳಲ್ಲಿ ನೀರುಪಾಲಾಗುವ ಸಾವುಗಳು ಶೇಕಡಾ 80ಕ್ಕೂ ಮಿಗಿಲಾಗಿ ಇಳಿದವು. ಒಳ್ಳೆಯ ಕೇಂದ್ರವೇ ಮಗುವಿಗೆ ರಕ್ಷೆ. ಅದನ್ನು ಒಳ್ಳೆಯದಾಗಿ ಉಳಿಸುವುದೇ ತಪಾಸಣೆಯ ಧರ್ಮ.

ಅಂಗನವಾಡಿಯ ಕಾರ್ಯಕರ್ತೆಯರ ಕಷ್ಟವನ್ನೂ ನಾವು ಮರೆಯಬಾರದು. ಮಕ್ಕಳ ತೂಕ, ಬಾಣಂತಿಯರ ಲೆಕ್ಕ, ಪಾಠ, ಮೊಬೈಲಿನಲ್ಲಿ ತುಂಬುವ ಮಾಹಿತಿ ಎಲ್ಲವೂ ಅವರ ಹೆಗಲ ಮೇಲಿವೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯೊಂದಿದೆ. ಅದರಲ್ಲಿ ತಾಯಂದಿರಿಗೆ ಸ್ಥಾನವಿದೆ. ಆ ಸಭೆಗೆ ಹೋಗಿ ಒಡೆದ ಹೆಂಚಿನ ಮಾತು, ಕೆಟ್ಟ ನಲ್ಲಿಯ ಮಾತು ಎತ್ತುವುದು ದೂರಲ್ಲ, ನೆರವು.

ಇನ್ನೊಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. ನಮ್ಮ ಓದುಗ ಬಂಧುಗಳಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟವರು ಅನೇಕರಿದ್ದಾರೆ. ನಿಮ್ಮ ಕಟ್ಟಡದಲ್ಲಿ ಮಕ್ಕಳ ಕೇಂದ್ರ ನಡೆಯುತ್ತಿದ್ದರೆ ಸಂಪಿನ ಮುಚ್ಚಳ, ಮೆಟ್ಟಿಲಿನ ಕಟಾಂಜನ, ಹಳೆಯ ವಿದ್ಯುತ್ ತಂತಿಗಳ ಹೊಣೆ ನಿಮ್ಮದೂ ಹೌದು. ಬಾಡಿಗೆ ಎಣಿಸುವ ಕೈ ಬೀಗವನ್ನೂ ಎಳೆದು ನೋಡಲಿ.

ಆ ಕೇಂದ್ರಕ್ಕೆ ಎರಡು ವಾರಗಳ ಬಳಿಕ ಮತ್ತೆ ಹೋದೆವು. ಸಂಪಿಗೆ ಕಬ್ಬಿಣದ ಮುಚ್ಚಳ ಬಂದಿತ್ತು, ಬೀಗವೂ ಇತ್ತು. ಸಿಲಿಂಡರ್ ಹೊರಗಿನ ಗೂಡಿಗೆ ಹೋಗಿತ್ತು. ಆದರೆ ಕೂಸುಗಳ ಕೋಣೆ ಮೇಲಂತಸ್ತಿನಲ್ಲೇ ಉಳಿದಿತ್ತು. ಕೆಳಗಿನ ಕೋಣೆ ತೆರವಾಗಲು ಇನ್ನೂ ಎರಡು ತಿಂಗಳೆಂದರು. ಅಜ್ಜಿಗೆ ಊರಿನಲ್ಲಿ ರಾಗಿಯ ಕೊಯ್ಲು ಕಾದಿತ್ತು, ಮಂಡಿನೋವು ಬೇರೆ. ಒಂದು ಗಳಿಗೆ ಯೋಚಿಸಿದರು. “ಎರಡು ತಿಂಗಳು ನಾನೇ ಇರ್ತೀನಿ. ಕೊಯ್ಲು ಭಾವನೋರು ನೋಡ್ಕೋತಾರೆ. ರೂಮು ಕೆಳಗೆ ಬಂದ ದಿನ ಹೇಳು ತಾಯಿ” ಎಂದು ಕೇಂದ್ರದ ಹೆಣ್ಣುಮಗಳ ಬೆನ್ನು ಸವರಿದರು. ಆಕೆಯ ಕಣ್ಣಲ್ಲಿ ಅವಮಾನವಿರಲಿಲ್ಲ, ನೀರಿತ್ತು.

ಆ ಕೋಣೆ ಈಗ ಕೆಳಗೆ ಬಂದಿದೆ. ಅದರ ಲಾಭ ಅಜ್ಜಿಯ ಮೊಮ್ಮಗುವಿಗೊಂದೇ ಅಲ್ಲ, ಅಲ್ಲಿ ಮಲಗುವ ಎಲ್ಲ ಕೂಸುಗಳಿಗೂ ಸಂದಿದೆ. ಒಂದು ಮನೆಯವರು ಕೇಳಿದ ಪ್ರಶ್ನೆ ಹತ್ತು ಮನೆಯ ಮಕ್ಕಳನ್ನು ಕಾಯುತ್ತದೆ. ಓದುಗ ಬಂಧುಗಳು ನಾಳೆ ಕೂಸನ್ನು ಒಪ್ಪಿಸಲು ಹೋದಾಗ ಶುಲ್ಕ ಕೇಳುವ ಮುನ್ನ ಸಂಪು ಎಲ್ಲಿದೆಯೆಂದು ಕೇಳಲಿ ಎಂಬುದೇ ನಮ್ಮ ವಿಜ್ಞಾಪನೆ.