ಮತ್ಸ್ಯವಿನೋದ: ಕಲ್ಯಾಣದ ಅರಸನಿಂದ ಕಾವೇರಿಯ ಬಿಳಿಮೀನಿನವರೆಗೆ

ಮೀನು ಹಿಡಿಯುವುದು ಒಂದು ವೃತ್ತಿ. ಅದೇ ಒಂದು ವಿನೋದವೂ ಆಗಬಲ್ಲುದು. ಇವೆರಡರ ಭೇದವು ಹೊರನೋಟಕ್ಕೆ ಅಲ್ಪವೆನಿಸಿದರೂ ಇತಿಹಾಸದ ವಿದ್ಯಾರ್ಥಿಗೆ ಗಮನಾರ್ಹವಾದುದು. ಬಲೆ ಬೀಸುವ ಬೆಸ್ತನಿಗೆ ಬುಟ್ಟಿ ತುಂಬುವುದು ಮುಖ್ಯ. ವಿನೋದಕ್ಕಾಗಿ ಗಾಳ ಹಾಕುವವನಿಗಾದರೋ ಒಂದೇ ಮೀನು ಸಾಕು. ಆದರೆ ಅದು ದೊಡ್ಡದಾಗಿರಬೇಕು, ಬಲಶಾಲಿಯಾಗಿರಬೇಕು, ಸುಲಭವಾಗಿ ಸೋಲದಂಥದಾಗಿರಬೇಕು. 1952ರಲ್ಲಿ ಪ್ರಕಟವಾದ ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಎಂಬ ಕಾದಂಬರಿಯನ್ನು ಓದಿದ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಮಾರ್ಲಿನ್ ಎಂಬ ಕಡಲಮೀನಿನ ಹೆಸರು ಪರಿಚಿತವಷ್ಟೆ. ಆ ಮುದುಕನಿಗೆ ಮೀನು ಜೀವನೋಪಾಯ. ಅದೇ ಮಾರ್ಲಿನ್ನನ್ನೂ ಟ್ಯೂನಾವನ್ನೂ ಯಂತ್ರದ ದೋಣಿಯಲ್ಲಿ ಆಳಸಮುದ್ರಕ್ಕೆ ಹೋಗಿ, ಗಾಳದ ಕೋಲಿನಿಂದ ಹಿಡಿದು ತೂಗಿ ದಾಖಲೆ ಬರೆಯಿಸುವುದು ಇಪ್ಪತ್ತನೆಯ ಶತಮಾನದಲ್ಲಿ ಒಂದು ಅಂತರರಾಷ್ಟ್ರೀಯ ಕ್ರೀಡೆಯಾಗಿ ಬೆಳೆಯಿತು. ಅದರ ನಿಯಮಗಳನ್ನು ನಿಶ್ಚಯಿಸುವ ಸಂಘವು 1939ರಲ್ಲಿ ಸ್ಥಾಪಿತವಾಯಿತು.

ಕರ್ನಾಟಕದಲ್ಲಿ ಈ ಕ್ರೀಡೆಯ ಹಿರಿಮೆಯು ಕಡಲಿಗಿಂತ ಹೆಚ್ಚಾಗಿ ನದಿಗೆ ಸಲ್ಲುತ್ತದೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಶಿವನಸಮುದ್ರದ ಕೆಳಗೆ ಕಾಡು ಬೆಟ್ಟಗಳ ನಡುವೆ ಹರಿಯುವ ಕಾವೇರಿಯು ಬಿಳಿಮೀನಿನ, ಎಂದರೆ ಮಹಸೀರ್ ಮೀನಿನ, ನೆಲೆಯೆಂದು ಲೋಕವಿಖ್ಯಾತವಾಗಿತ್ತು. ಈ ವಿನೋದವು ನಮ್ಮ ನಾಡಿನಲ್ಲಿ ನಡೆದುಬಂದ ಬಗೆಯನ್ನು ತಿಳಿಸಿ, ಅದು ಬಿಟ್ಟುಹೋದ ದಾಖಲೆಗಳಿಂದ ನಾವು ಏನನ್ನು ಕಲಿಯಬಹುದೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗಾಳದ ವಿನೋದವು ಆಂಗ್ಲರು ತಂದ ಹವ್ಯಾಸವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣಸತ್ಯವಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1126ರಿಂದ 1138ರವರೆಗೆ ಆಳಿದನು. ಸರ್ವಜ್ಞನೆಂದು ಬಿರುದಾಂತನಾದ ಈ ಅರಸನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿಂದ ಕೂಡಿದೆ. ರಾಜನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮತ್ಸ್ಯವಿನೋದಕ್ಕೂ ಒಂದು ಸ್ಥಾನವುಂಟು. ಅಲ್ಲಿ ಮೀನುಗಳನ್ನು ಕಡಲಿನವು, ಸಿಹಿನೀರಿನವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸಿದೆ. ಯಾವ ಮೀನಿಗೆ ಯಾವ ಆಹಾರವನ್ನಿತ್ತು ಪೋಷಿಸಬೇಕು, ಗಾಳದ ದಾರವನ್ನು ಹೇಗೆ ಹೊಸೆಯಬೇಕು, ಕೋಲು ಹೇಗಿರಬೇಕು, ಯಾವ ಎರೆಯನ್ನು ಕಟ್ಟಬೇಕು ಎಂಬುದೆಲ್ಲ ಶಾಸ್ತ್ರೀಯವಾಗಿ ಹೇಳಲ್ಪಟ್ಟಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ವಿದ್ವಾಂಸರ ಗಮನವನ್ನು ಅತ್ತ ಸೆಳೆದರು. ಇಂಗ್ಲೆಂಡಿನಲ್ಲಿ ಗಾಳದ ಕಲೆಯನ್ನು ಕುರಿತ ಮೊದಲ ಪುಸ್ತಕವು ಅಚ್ಚಾದದ್ದು 1496ರಲ್ಲಿ. ಅದಕ್ಕೆ ಮೂರೂವರೆ ಶತಮಾನಕ್ಕೂ ಹಿಂದೆಯೇ ಕನ್ನಡನಾಡಿನ ಅರಮನೆಯೊಂದರಲ್ಲಿ ಈ ವಿಷಯ ಗ್ರಂಥಸ್ಥವಾಗಿತ್ತು. ಹಿರಿಮೆಯನ್ನು ಮೆರೆಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಹಿಡಿಯುವುದಕ್ಕೆ ಮೊದಲು ಮೀನಿನ ಜಾತಿಯನ್ನೂ ಆಹಾರವನ್ನೂ ಅರಿಯಬೇಕೆಂಬ ದೃಷ್ಟಿ ಆ ಅಧ್ಯಾಯದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಈ ದೃಷ್ಟಿ ಮುಂದೆ ಮರೆಯಾದುದನ್ನು ನೋಡಲಿದ್ದೇವೆ.

ಆಧುನಿಕ ಕಾಲದ ಕಥೆಯು ಕರಾವಳಿಯಿಂದ ಆರಂಭವಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿಯು 1870ರಲ್ಲಿ ಆ ಜಿಲ್ಲೆಯ ಮತ್ಸ್ಯಕೃಷಿಯನ್ನು ಕುರಿತು ವರದಿಯೊಂದನ್ನು ಬರೆದನು. 1873ರಲ್ಲಿ ಮಂಗಳೂರಿನಿಂದ ಅವನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಹೊರಬಂದಿತು. ಮಹಸೀರನ್ನು ಯುರೋಪಿನ ಸಾಲ್ಮನ್ ಮೀನಿಗೆ ಸರಿದೂಗಿಸಿ ಹೊಗಳಿದ ಈ ಪುಸ್ತಕವು ಅಧಿಕಾರಿಗಳಿಗೂ ತೋಟದ ಮಾಲಿಕರಿಗೂ ಕೈಪಿಡಿಯಾಯಿತು. ಅಲ್ಲಿಂದ ಮುಂದೆ ಮೈಸೂರು ಸೀಮೆಯ ನದಿಗಳ ಕೀರ್ತಿ ತೂಕದ ಲೆಕ್ಕದಲ್ಲಿ ಬೆಳೆಯಿತು. 1919ರಲ್ಲಿ ರಿವೆಟ್-ಕಾರ್ನ್ಯಾಕ್ ಎಂಬಾತನು 119 ಪೌಂಡಿನ ಮೀನನ್ನು ಹಿಡಿದನು. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ಡಿ ವೆಟ್ ವಾನ್ ಇಂಗನ್ ಕಬಿನಿ ನದಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋಗ್ರಾಂ, ತೂಗುವ ಮೀನನ್ನು ದಡಕ್ಕೆ ತಂದನು.

ಸ್ವಾತಂತ್ರ್ಯಾನಂತರ ಈ ಮೀನುಗಳು ತೀರಿಹೋದುವೆಂದೇ ಹೊರಗಿನವರು ತಿಳಿದಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ತರುಣರು ಕಾವೇರಿಯಲ್ಲಿ 92 ಪೌಂಡಿನವರೆಗಿನ ಮೀನುಗಳನ್ನು ಹಿಡಿದು ಆ ಭಾವನೆಯನ್ನು ಸುಳ್ಳಾಗಿಸಿದರು. ತರುವಾಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳು ಏರ್ಪಟ್ಟುವು. ಹಿಡಿದ ಮೀನನ್ನು ಕೊಲ್ಲದೆ ಮರಳಿ ನದಿಗೆ ಬಿಡಬೇಕೆಂಬುದು ಅಲ್ಲಿಯ ನಿಯಮವಾಯಿತು. ದಡದ ಹಳ್ಳಿಗಳ ಬೆಸ್ತರಿಗೆ ಮಾರ್ಗದರ್ಶಿಗಳಾಗಿಯೂ ಕಾವಲುಗಾರರಾಗಿಯೂ ಕೆಲಸ ದೊರೆಯಿತು.

ಆ ಶಿಬಿರಗಳಲ್ಲಿ ಒಂದು ದಿನ ಕಳೆಯುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ಬೆಳಗಿನ ನಸುಕಿನಲ್ಲಿ ಹರಿಗೋಲನ್ನೇರಿ ಮಡುವಿನ ಮೇಲಿನ ಬಂಡೆಗೆ ಹೋಗುವುದು ಮೊದಲ ಕೆಲಸ. ಎರೆ ಬೇರಾವುದೂ ಅಲ್ಲ, ನಮ್ಮ ರಾಗಿ. ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಹಿಟ್ಟನ್ನು ಉಂಡೆಮಾಡಿ ಗಾಳಕ್ಕೆ ಮೆತ್ತಿ, ಹರಿವಿನ ಅಂಚಿನಲ್ಲಿ ಇಳಿಬಿಡುವರು. ಏಡಿ, ಸಣ್ಣ ಮೀನುಗಳೂ ಎರೆಯಾಗುವುದುಂಟು. ಬಳಿಕ ಕಾಯುವುದು, ಕೆಲವೊಮ್ಮೆ ಇಡೀ ದಿನ ಕಾಯುವುದು. ಮೀನು ಕಚ್ಚಿದೊಡನೆ ಹೊಳೆಯ ಸೆಳವಿನೊಡನೆ ಕೆಳಕ್ಕೆ ಧಾವಿಸುತ್ತದೆ. ಕಡಲಿನ ಮಾರ್ಲಿನ್ ಬಯಲಿನಲ್ಲಿ ಓಡುವ ಪ್ರಾಣಿ. ಅದು ನೀರಿನಿಂದ ಮೇಲೆ ನೆಗೆದು ಕೊಡವಿಕೊಳ್ಳುತ್ತದೆ. ಬಿಳಿಮೀನು ನೆಗೆಯುವುದು ಅಪರೂಪ. ಅದರ ಕೋಟೆ ಬಂಡೆಗಳು. ದಾರವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ತುಂಡರಿಸುವುದೇ ಅದರ ಯುದ್ಧಕ್ರಮ. ಅದರ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನ ಹಲ್ಲುಗಳಾದರೋ ಗಾಳವನ್ನೇ ಜಜ್ಜಬಲ್ಲಷ್ಟು ಬಲವಾದುವು. ಹರಿಗೋಲಿನಲ್ಲಿ ಮೀನನ್ನು ಹಿಂಬಾಲಿಸಿ, ಎಳೆದಾಗ ಬಿಟ್ಟು, ಬಿಟ್ಟಾಗ ಸುತ್ತಿ, ಅದು ದಣಿದ ಮೇಲೆ ದಡದ ತೆಳುನೀರಿಗೆ ತರಬೇಕು. ಅನಂತರ ತೂಕವನ್ನು ಬರೆದುಕೊಂಡು, ಅದು ಸುಧಾರಿಸಿಕೊಳ್ಳುವವರೆಗೆ ನೀರಿನಲ್ಲಿ ಹಿಡಿದಿದ್ದು ಬಿಟ್ಟುಬಿಡುವರು. ಕೈಯಲ್ಲಿ ಉಳಿಯುತ್ತಿದ್ದುದು ಶಿಬಿರದ ಪುಸ್ತಕದ ಒಂದು ಸಾಲು ಮಾತ್ರ.

ಆ ಒಂದು ಸಾಲೇ ಇತಿಹಾಸಕಾರನಿಗೆ ಅಮೂಲ್ಯವಾದುದು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಪ್ರಯತ್ನದಲ್ಲಿ 6,161 ಮೀನುಗಳು ಸಿಕ್ಕಿದ್ದುವು. ವರುಷದಿಂದ ವರುಷಕ್ಕೆ ಮೀನುಗಳ ಸಂಖ್ಯೆ ಏರಿತ್ತು. ಇಷ್ಟನ್ನೇ ನೋಡಿದವನು ಸಂತೋಷಪಡಬಹುದಾಗಿತ್ತು. ಆದರೆ ಪುಸ್ತಕದಲ್ಲಿ ಮೀನಿನ ಬಗೆಯೂ ನಮೂದಾಗಿತ್ತು. ಏರಿದ್ದು ನೀಲಿ ಈಜುರೆಕ್ಕೆಯ ಮಹಸೀರಿನ ಸಂಖ್ಯೆ. ಇದು 1839ರಲ್ಲಿ ಸೈಕ್ಸ್ ಎಂಬಾತನು ಪುಣೆಯ ಕಡೆಯ ನದಿಯಿಂದ ವರ್ಣಿಸಿದ ಮೀನು. ಕೃತಕವಾಗಿ ಮರಿಮಾಡಿಸಿ ದಕ್ಷಿಣದ ನದಿಗಳಿಗೆ ಬಿಡಲ್ಪಟ್ಟದ್ದು. ಕಾವೇರಿಯ ಸ್ವಂತದ್ದಾದ, ಬೆನ್ನು ಡುಬ್ಬವಾಗಿ ಈಜುರೆಕ್ಕೆ ಕಿತ್ತಳೆ ಬಣ್ಣದ್ದಾಗಿದ್ದ ಮೀನು ಅಪರೂಪವಾಗುತ್ತಿತ್ತು. ಸಿಕ್ಕವು ದೊಡ್ಡವೇ ಆಗಿದ್ದುವು, ಮರಿಗಳು ಕಾಣಿಸುತ್ತಿರಲಿಲ್ಲ. ಎಂದರೆ, ಹಿರಿಯರು ಮಾತ್ರ ಉಳಿದ ಮನೆಯಂತೆ ಆ ಸಂತತಿಯು ಮುಗಿಯುವ ಹಾದಿಯಲ್ಲಿತ್ತು.

ಇಲ್ಲಿಯೇ ಒಂದು ವಿಚಿತ್ರ ಸಂಗತಿಯನ್ನು ಹೇಳಬೇಕು. ಒಂದೂವರೆ ಶತಮಾನದ ಕೀರ್ತಿಯನ್ನು ಗಳಿಸಿದ ಈ ಡುಬ್ಬದ ಮೀನಿಗೆ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಅಮರಾವತಿಯ ಮೂಲಕ ಕಾವೇರಿಗೆ ಸೇರುವ ಕೇರಳದ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ ‘ಟಾರ್ ರೆಮಾದೇವಿ’ ಎಂಬ ಹೆಸರನ್ನು ವಿದ್ವಾಂಸರು ಕೊಟ್ಟಿದ್ದರು. ಕಾವೇರಿಯ ದೈತ್ಯಮೀನೂ ಅದೇ ಜಾತಿಯದೆಂದು ಶ್ರುತಪಟ್ಟದ್ದು 2018ರಲ್ಲಿ, ಮೋಯಾರ್ ನದಿಯಲ್ಲಿ ಸಿಕ್ಕ ಮಾದರಿಗಳ ಪರೀಕ್ಷೆಯಿಂದ. ಅದೇ ವರುಷ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ತೀವ್ರವಾಗಿ ಅಳಿವಿನಂಚಿನಲ್ಲಿರುವ’ ಜಾತಿಯೆಂದು ಸೇರಿತು. ತೂಕವನ್ನು ಔನ್ಸಿನವರೆಗೆ ಬರೆಯಬಲ್ಲವರು ಅದು ಯಾವ ಮೀನೆಂದು ಕೇಳಿರಲಿಲ್ಲ. ಸೋಮೇಶ್ವರನ ಗ್ರಂಥವು ಜಾತಿಯ ವಿಂಗಡಣೆಯನ್ನು ವಿನೋದದ ಅಂಗವಾಗಿಯೇ ಎಣಿಸಿತ್ತೆಂಬುದು ಇಲ್ಲಿ ನೆನಪಾಗುತ್ತದೆ.

ಅವನತಿಗೆ ಕಾರಣ ಒಂದೇ ಅಲ್ಲ. 1934ರ ಮೆಟ್ಟೂರು, 1974ರ ಕಬಿನಿ ಮೊದಲಾದ ಅಣೆಕಟ್ಟುಗಳು ಮೀನಿನ ಸಂಚಾರಕ್ಕೆ ಅಡ್ಡವಾದುವು. ಸಿಡಿಮದ್ದು, ವಿಷಗಳ ಬಳಕೆಯನ್ನು 1897ರ ಕಾಯಿದೆಯೇ ನಿಷೇಧಿಸಿದ್ದರೂ ಅದು ನಿಲ್ಲಲಿಲ್ಲ. ಹೊರಗಿನ ಮೀನನ್ನು ತಂದು ಬಿಟ್ಟುದೂ ಒಂದು ಕಾರಣವಿರಬೇಕೆಂದು ಮೇಲ್ಕಂಡ ವಿದ್ವಾಂಸರು ಶಂಕಿಸಿದ್ದಾರೆ. ನಮ್ಮ ನಗರದ ಪಾಲೂ ಇದೆ. ಬೆಂಗಳೂರು 1974ರಿಂದ ಕಾವೇರಿಯ ನೀರನ್ನು ಕುಡಿಯುತ್ತಿದೆ. ಪೀಣ್ಯವೇ ಮೊದಲಾದ ಪಶ್ಚಿಮ ಭಾಗದ ಕೈಗಾರಿಕೆಗಳ ಮತ್ತು ಮನೆಗಳ ಕೊಳಚೆ ವೃಷಭಾವತಿಗೆ ಇಳಿದು, ಅಲ್ಲಿಂದ ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಗಾಳಿಬೋರೆಯು ಸಂಗಮಕ್ಕೆ ಸ್ವಲ್ಪವೇ ಮೇಲಿದೆ. ನಾವು ಕುಡಿದ ನದಿಗೆ ನಾವು ಹಿಂದಿರುಗಿಸುವುದು ಇದು.

ಕಾವೇರಿ ವನ್ಯಜೀವಿಧಾಮವು 1987ರಲ್ಲಿ ಘೋಷಿತವಾಗಿದ್ದಿತು. ಕಾಯಿದೆಯ ಪ್ರಕಾರ ಅದರೊಳಗೆ ಗಾಳವೂ ಕೂಡದೆಂದು ನಿರ್ಣಯವಾಗಿ, 2012ರ ಹೊತ್ತಿಗೆ ಗಾಳಿಬೋರೆಯ ಪುಸ್ತಕ ಮುಗಿಯಿತು. ಮೀನನ್ನು ನೋಯಿಸುವ ವಿನೋದ ಬೇಡವೆಂಬ ವಾದಕ್ಕೆ ಬಲವಿದೆ. ಗಾಳ ಹೋದಲ್ಲಿ ಕಾವಲೂ ಹೋಗುತ್ತದೆ, ಲೆಕ್ಕವೂ ನಿಲ್ಲುತ್ತದೆ ಎಂಬ ವಾದಕ್ಕೂ ಬಲವಿದೆ. ಇವೆರಡರ ತೀರ್ಪು ಇತಿಹಾಸದ ಅಧ್ಯಾಪಕನ ಕೆಲಸವಲ್ಲ. ಆದರೆ ಒಂದು ಮಾತನ್ನು ವಿದ್ಯಾರ್ಥಿಗಳಿಗೆ ಹೇಳಬಹುದು. ಕಬಿನಿಯ 120 ಪೌಂಡಿನ ದಾಖಲೆ ನಮಗೆ ಒಬ್ಬನ ಸಾಹಸವನ್ನು ತಿಳಿಸುತ್ತದೆ. ಗಾಳಿಬೋರೆಯ ಪುಸ್ತಕವಾದರೋ ದೊಡ್ಡದು ಚಿಕ್ಕದೆನ್ನದೆ ಎಲ್ಲವನ್ನೂ ಬರೆದುದರಿಂದ ಒಂದು ನದಿಯ ಕಥೆಯನ್ನು ತಿಳಿಸಿತು. ಶಾಸನಗಳನ್ನೂ ಕಡತಗಳನ್ನೂ ಓದುವ ನಾವು ಇಂಥ ಸಾಮಾನ್ಯ ಲೆಕ್ಕಪುಸ್ತಕಗಳನ್ನೂ ಆಕರಗಳೆಂದು ಎಣಿಸಬೇಕು. ಗಾಳ ಹಾಕದೆಯೂ ಅಂಥ ಲೆಕ್ಕವನ್ನಿಡುವ ಉಪಾಯವನ್ನು ಹುಡುಕಬೇಕು. ಇಲ್ಲವಾದರೆ ಕಾವೇರಿಯ ಕೊನೆಯ ಡುಬ್ಬದ ಬಿಳಿಮೀನು ಯಾವ ವರುಷ ಕಣ್ಮರೆಯಾಯಿತೆಂದು ಮುಂದೆ ಯಾರಾದರೂ ಕೇಳಿದರೆ, ಉತ್ತರ ಹೇಳಲು ನಮ್ಮಲ್ಲಿ ಒಂದು ಸಾಲೂ ಇರದು.