ಒಂದೇ ಬೆಂಚು, ಎರಡು ಪಾಳಿ

ಮಧ್ಯಾಹ್ನ ಎರಡರ ಹೊತ್ತಿಗೆ ಲೆಬನಾನಿನ ಬೆಕಾ ಕಣಿವೆಯ ಸರ್ಕಾರಿ ಶಾಲೆಗಳಲ್ಲಿ ದಿನ ಮತ್ತೆ ಮೊದಲಾಗುತ್ತದೆ. ಬೆಳಗಿನ ಪಾಳಿಯ ಲೆಬನಾನಿ ಮಕ್ಕಳು ಚೀಲ ಹೆಗಲಿಗೇರಿಸಿ ಮನೆಗೆ ಹೊರಟಿರುತ್ತಾರೆ. ಸಿರಿಯಾದ ನಿರಾಶ್ರಿತರ ಮಕ್ಕಳು ಬಂದು ಅದೇ ಬೆಂಚುಗಳಲ್ಲಿ ಕೂರುತ್ತಾರೆ. ಇದಕ್ಕೆ ಅಲ್ಲಿ ‘ಬಾದ್ ಅಲ್ ದುಹರ್’ ಶಾಲೆ ಎನ್ನುತ್ತಾರೆ, ಅಂದರೆ ಮಧ್ಯಾಹ್ನದ ನಂತರದ್ದು. ನಮ್ಮಲ್ಲಿ ಜೊಹರ್ ನಮಾಜ್ ಅನ್ನುತ್ತಾರಲ್ಲ, ಅದರಲ್ಲಿರುವುದೂ ಇದೇ ‘ದುಹರ್’ ಪದ.

ಈ ವ್ಯವಸ್ಥೆ ಏಕೆ ಬೇಕಾಯಿತು ಎಂದು ತಿಳಿಯಲು ಆ ದೇಶದ ಅಳತೆ ನೋಡಬೇಕು. ಲೆಬನಾನ್ 10,452 ಚದರ ಕಿಲೋಮೀಟರಿನ ದೇಶ. ನಮ್ಮ ಬೆಳಗಾವಿ ಜಿಲ್ಲೆಯೇ ಅದಕ್ಕಿಂತ ದೊಡ್ಡದು. ಸಿರಿಯಾದ ಯುದ್ಧಕ್ಕೆ ಅಂಜಿ ಗಡಿ ದಾಟಿ ಬಂದವರಲ್ಲಿ ವಿಶ್ವಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದವರ ಸಂಖ್ಯೆ 2014ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ಮುಟ್ಟಿತು. ಅವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರೇ ನಾಲ್ಕು ಲಕ್ಷದಷ್ಟು. ಆ ವೇಳೆಗೆ ಲೆಬನಾನಿನ ಸರ್ಕಾರಿ ಶಾಲೆಗಳಲ್ಲಿದ್ದ ಸ್ವಂತ ಮಕ್ಕಳ ಸಂಖ್ಯೆ ಅಷ್ಟಿರಲಿಲ್ಲ. ಮನೆಯವರಿಗಿಂತ ಹೆಚ್ಚು ನೆಂಟರು ಒಂದೇ ಪಂಕ್ತಿಗೆ ಬಂದು ಕೂತ ಹಾಗೆ. ಲೆಬನಾನಿಗರಲ್ಲಿ ಬಹುಪಾಲು ಮಂದಿ ಮಕ್ಕಳನ್ನು ಖಾಸಗಿ ಶಾಲೆಗೇ ಕಳಿಸುವವರು. ಸರ್ಕಾರಿ ಶಾಲೆಗಳು ಮೊದಲೇ ಸೊರಗಿದ್ದವು.

ಬೇರೆ ಶಾಲೆ ಕಟ್ಟಿಕೊಡಬಹುದಿತ್ತಲ್ಲ ಎಂದು ನಮಗೆ ಅನ್ನಿಸುತ್ತದೆ. ಬೈಲಕುಪ್ಪೆ ಕಂಡವರಿಗಂತೂ ಅನ್ನಿಸಲೇಬೇಕು. 1960ರ ಸುಮಾರಿಗೆ ಟಿಬೆಟಿನವರು ಬಂದಾಗ ಆಗಿನ ಮೈಸೂರು ರಾಜ್ಯದಲ್ಲಿ ಕೊಡಲು ನೆಲವಿತ್ತು. 1961ರಲ್ಲಿ ಅವರ ಮಕ್ಕಳ ಶಾಲೆಗಳಿಗಾಗಿಯೇ ಕೇಂದ್ರ ಸರ್ಕಾರ ಪ್ರತ್ಯೇಕ ಆಡಳಿತ ಸಂಸ್ಥೆಯೊಂದನ್ನು ಹುಟ್ಟುಹಾಕಿತು. ಲೆಬನಾನಿನಲ್ಲಿ ಆ ಎಡೆಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. 1948ರಲ್ಲಿ ಬಂದ ಪ್ಯಾಲೆಸ್ಟೀನಿಯರ ಶಿಬಿರಗಳು ಇಂದಿಗೂ ಅಲ್ಲಿವೆ. ಆ ನೆನಪಿನಿಂದ ಸರ್ಕಾರ ಸಿರಿಯನ್ನರಿಗೆ ಅಧಿಕೃತ ಶಿಬಿರಗಳನ್ನೇ ತೆರೆಯಲಿಲ್ಲ. ಬಂದವರು ಹೊಲಗಳ ಅಂಚಿನಲ್ಲಿ ಗುಡಾರ ಹಾಕಿದರು, ಊರೊಳಗಿನ ಗ್ಯಾರೇಜುಗಳಲ್ಲಿ, ಅರ್ಧ ಕಟ್ಟಿದ ಮನೆಗಳಲ್ಲಿ ಬಾಡಿಗೆಗಿದ್ದರು. ಜಾಗ ಹುಟ್ಟಿಸಲಾಗದಿದ್ದಾಗ ಹೊತ್ತನ್ನೇ ಎರಡು ಪಾಲು ಮಾಡಬೇಕಾಯಿತು.

ಮಧ್ಯಾಹ್ನದ ಪಾಳಿ 2013–14ರಲ್ಲಿ ಶುರುವಾಯಿತು. ಎರಡು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಶಾಲೆಗಳಿಗೆ ಹರಡಿತು. ಖರ್ಚು ಹೊತ್ತದ್ದು ವಿದೇಶಗಳ ದೇಣಿಗೆ: ಬೆಳಗಿನ ಪಾಳಿಗೆ ಸೇರಿದ ಸಿರಿಯನ್ ಮಗುವಿಗೆ ವರ್ಷಕ್ಕೆ 363 ಡಾಲರ್, ಮಧ್ಯಾಹ್ನದ ಪಾಳಿಯ ಮಗುವಿಗೆ 600 ಡಾಲರ್. ಎರಡನೇ ಪಾಳಿಗೆ ಬೇರೆ ಮೇಷ್ಟ್ರು ಬೇಕು. ನಮ್ಮ ಅತಿಥಿ ಶಿಕ್ಷಕರಂತೆ ಕಾಯಂ ಅಲ್ಲದ, ಗಂಟೆ ಲೆಕ್ಕದ ಸಂಬಳದವರೇ ಅವರಲ್ಲಿ ಹೆಚ್ಚು, ಆ ಸಂಬಳವೂ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತಿತ್ತು. ಪುಟ್ಟ ದೇಶವೊಂದು ತನ್ನ ಶಾಲೆಯ ಬಾಗಿಲನ್ನು ದಿನಕ್ಕೆರಡು ಬಾರಿ ತೆರೆದದ್ದು ಸಣ್ಣ ಮಾತಲ್ಲ. ಎಷ್ಟೋ ಶ್ರೀಮಂತ ದೇಶಗಳು ಇದರ ಕಾಲುಭಾಗವನ್ನೂ ಮಾಡಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆದರೂ ನನ್ನನ್ನು ಕಾಡುವ ಲೆಕ್ಕವೊಂದಿದೆ. 2015–16ರಲ್ಲಿ ಸಿರಿಯನ್ ಮಕ್ಕಳಿಗೆಂದು ಎರಡು ಲಕ್ಷ ಸೀಟು ತೆರೆದಿದ್ದರು, ಶುಲ್ಕವನ್ನೂ ಮನ್ನಾ ಮಾಡಿದ್ದರು. ಸೇರಿದವರು ಸುಮಾರು 1,58,000. ಅದೇ ವರ್ಷ ಎರಡೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಯ ಹೊರಗಿದ್ದರು. ಹೊರಗೆ ಇಷ್ಟು ಮಕ್ಕಳು, ಒಳಗೆ ಅಷ್ಟು ಖಾಲಿ ಬೆಂಚು!

ಸೀಟು ಇದ್ದ ಊರಿನಲ್ಲಿ ಮಕ್ಕಳಿರಲಿಲ್ಲ, ಮಕ್ಕಳು ಕಿಕ್ಕಿರಿದ ಊರಿನಲ್ಲಿ ಸೀಟು ಉಳಿದಿರಲಿಲ್ಲ. ನಡುವಿನ ದಾರಿಗೆ ವ್ಯಾನಿನ ಬಾಡಿಗೆ ಕೊಡಬೇಕು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಬೆಕಾದಲ್ಲಿ ಹಿಮವೂ ಬೀಳುತ್ತದೆ. ಕತ್ತಲಾದ ಮೇಲೆ ಶಾಲೆ ಬಿಟ್ಟರೆ ಹೆಣ್ಣುಮಗಳನ್ನು ಹೆದ್ದಾರಿಯ ಅಂಚಿನಲ್ಲಿ ನಡೆಸಿಕೊಂಡು ಬರುವವರು ಯಾರು? 2015ರ ಜನವರಿಯಿಂದ ವಾಸದ ಪರವಾನಗಿಯನ್ನು ವರ್ಷವರ್ಷ ನವೀಕರಿಸಲು ದೊಡ್ಡವರು ತಲೆಗೆ 200 ಡಾಲರ್ ಕಟ್ಟಬೇಕಾಯಿತು. ಕಟ್ಟಲಾಗದ ಅಪ್ಪ ಪೊಲೀಸರಿಗೆ ಹೆದರಿ ಗುಡಾರದಲ್ಲೇ ಉಳಿದರೆ, ರಸ್ತೆಯ ತಪಾಸಣಾ ಠಾಣೆಯಲ್ಲಿ ಯಾರೂ ತಡೆಯದ ಹುಡುಗ ಹೊಲದ ಕೂಲಿಗೆ ಹೋಗುತ್ತಾನೆ. ದಾಖಲಾತಿಗೆ ಈ ಪರವಾನಗಿ ಕೇಳಬಾರದೆಂದು ಸರ್ಕಾರವೇ ಹೇಳಿದ್ದರೂ ಕೆಲವು ಶಾಲೆಗಳಲ್ಲಿ ಕೇಳುತ್ತಿದ್ದರು. ಹಳೆಯ ಶಾಲೆಯ ಅಂಕಪಟ್ಟಿ ಕೇಳಿದರೆ, ಬಾಂಬಿಗೆ ಮನೆಯನ್ನೇ ಕಳೆದುಕೊಂಡವರು ಎಲ್ಲಿಂದ ತರಬೇಕು?

ಇಷ್ಟೆಲ್ಲ ದಾಟಿ ಬೆಂಚಿನಲ್ಲಿ ಕೂತ ಮೇಲೆ ಭಾಷೆ ಎದುರಾಗುತ್ತದೆ. ಸಿರಿಯಾದಲ್ಲಿ ಪಾಠವೆಲ್ಲ ಅರಬ್ಬಿಯಲ್ಲಿ. ಲೆಬನಾನಿನಲ್ಲಿ ಗಣಿತ, ವಿಜ್ಞಾನಗಳು, ಅದರಲ್ಲೂ ಮೇಲಿನ ತರಗತಿಗಳಲ್ಲಿ, ಫ್ರೆಂಚ್ ಇಲ್ಲವೇ ಇಂಗ್ಲಿಷಿನಲ್ಲಿ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಲೆಕ್ಕ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ವರ್ಷಗಟ್ಟಲೆ ಓದು ತಪ್ಪಿದ ಹನ್ನೆರಡು ವರ್ಷದ ಹುಡುಗನನ್ನು ಏಳೆಂಟು ವರ್ಷದ ಮಕ್ಕಳ ಜೊತೆ ಕೂರಿಸಿದರೆ ಅವನು ನಾಚಿಕೆಯಿಂದಲೇ ಶಾಲೆ ಬಿಡುತ್ತಾನೆ. ಎರಡು ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚು ಓದು ತಪ್ಪಿದವರಿಗಾಗಿ ಕೆಲವೇ ತಿಂಗಳಲ್ಲಿ ಒಂದು ತರಗತಿಯ ಪಾಠ ಮುಗಿಸುವ ವೇಗದ ಕಲಿಕೆಯ ಕಾರ್ಯಕ್ರಮ ಆಮೇಲೆ ಬಂತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ಕಂಡದ್ದು ಅದೇ.

2019ರ ನಂತರ ಲೆಬನಾನಿನ ಹಣಕಾಸು ಕುಸಿಯಿತು, ಶಿಕ್ಷಕರ ಸಂಬಳಕ್ಕೆ ಬೆಲೆಯೇ ಉಳಿಯಲಿಲ್ಲ, ಮುಷ್ಕರಗಳಾದವು. 2023ರ ಜನವರಿಯಲ್ಲಿ ಬೆಳಗಿನ ಶಾಲೆ ನಿಂತಿದ್ದಾಗ ಮಧ್ಯಾಹ್ನದ ಪಾಳಿಯನ್ನೂ ನಿಲ್ಲಿಸಿದರು. 2024ರ ಡಿಸೆಂಬರಿನಲ್ಲಿ ಸಿರಿಯಾದ ಅಸಾದ್ ಆಡಳಿತ ಉರುಳಿದ ಮೇಲೆ ಅನೇಕ ಕುಟುಂಬಗಳು ಮಸ್ನಾ ಗಡಿ ದಾಟಿ ಊರಿಗೆ ಮರಳುತ್ತಿವೆ. ಹಾಗೆ ಹೊರಟ ಮಕ್ಕಳಲ್ಲಿ ಎಷ್ಟೋ ಮಂದಿ ಹುಟ್ಟಿದ್ದೇ ಲೆಬನಾನಿನಲ್ಲಿ. ಕಷ್ಟಪಟ್ಟು ಫ್ರೆಂಚಿನಲ್ಲಿ ಲೆಕ್ಕ ಕಲಿತ ಹುಡುಗಿ ಈಗ ಅದನ್ನು ಮತ್ತೆ ಅರಬ್ಬಿಯಲ್ಲಿ ಕಲಿಯಬೇಕು. ಯುದ್ಧದಲ್ಲಿ ಶಾಲೆಗಳು ಕುಸಿದಿರುವ ಆ ಊರುಗಳಲ್ಲಿ ಅವಳಿಗಾಗಿ ಇನ್ನೊಮ್ಮೆ ಬೆಂಚು ಹುಡುಕಬೇಕು.